ಬೆಟ್ಟಮ್ಮ ಬರಲಿ ಅಂದದ್ದು ಯಾರಿಗೆ

ಮಿಜೋರಾಂನ ಐಜಾಲಿನಿಂದ ಬಂದ ನಾಲ್ಕು ಜನ ಹೆಂಗಸರು ಶ್ರೀರಂಗಪಟ್ಟಣದ ಲಾಡ್ಜಿನಲ್ಲಿ ಇಳಿದುಕೊಂಡ ಮಾರನೆಯ ಬೆಳಗ್ಗೆ, ಕೌಂಟರಿನಲ್ಲಿ ಕೂತಿದ್ದ ಹೇಮಳನ್ನು ಒಂದು ಮಾತು ಕೇಳಿದರು. ಹೊರಗಿನವರು ಯಾರೂ ಹೋಗದಂಥ ದೂರದ ಹಳ್ಳಿ ಇಲ್ಲಿ ಯಾವುದಾದರೂ ಇದೆಯೇ?

ಹೇಮಳಿಗೆ ನಗು ಬಂತು. ಮಿಜೋರಾಂ ಎಲ್ಲಿದೆ ಎಂದು ಅವಳು ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಹುಡುಕಿ ನೋಡಿದ್ದಳು. ದೇಶದ ಆ ಕೊನೆಯಿಂದ ಎರಡು ವಿಮಾನ, ಒಂದು ರೈಲು ಹತ್ತಿ ಬಂದವರು ದೂರದ ಊರು ಯಾವುದು ಎಂದು ತನ್ನನ್ನು ಕೇಳುತ್ತಿದ್ದಾರಲ್ಲ!

ಅವರು ಅಲ್ಲಿನ ಒಂದು ಚರ್ಚಿನ ಮಹಿಳಾ ಸಂಘದವರು. ಇಬ್ಬರು ನರ್ಸುಗಳು, ಒಬ್ಬಾಕೆ ಟೀಚರು. ಹಿರಿಯಳಾದ ಸಾಂಗಿಗೆ ಅರವತ್ತು ದಾಟಿತ್ತು. ವರ್ಷಕ್ಕೊಮ್ಮೆ ಗೊತ್ತಿಲ್ಲದ ಒಂದು ಸೀಮೆಗೆ ಹೋಗಿ ಕಾಯಿಲೆಯವರನ್ನು ನೋಡುವುದು, ಪ್ರಾರ್ಥನೆ ಮಾಡುವುದು, ತಮ್ಮ ದೇವರ ವಿಷಯ ಹೇಳುವುದು ಅವರ ಪದ್ಧತಿ. ಕನ್ನಡ ಒಂದಕ್ಷರ ಬಾರದು, ಮಾತೆಲ್ಲ ಹಿಂದಿಯಲ್ಲೇ. ಹೇಮಳಿಗೆ ಪ್ರವಾಸಿಗಳ ಜೊತೆ ಮಾತಾಡಿ ಮಾತಾಡಿ ಹಿಂದಿ ಚೆನ್ನಾಗಿ ಬರುತ್ತಿತ್ತು. ಜೊತೆಗೆ ಬರುತ್ತೀಯಾ ಎಂದರು. ಎರಡು ದಿನ ರಜೆ ಹಾಕಿದಳು. ಊರು ಯಾವುದೆಂದು ಯೋಚಿಸಿದಾಗ ಅವಳಿಗೆ ಹೊಳೆದದ್ದು ದೊಡ್ಡವ್ವನ ಊರು, ಕಲ್ಲುಗುಡ್ಡದ ಕೊಪ್ಪಲು. ಕೆ.ಆರ್. ಪೇಟೆ ದಾಟಿ, ಹೇಮಗಿರಿಯಿಂದಲೂ ಆಚೆ, ಹೊಳೆ ಪಕ್ಕದಲ್ಲಿ ಮೂವತ್ತು ಮನೆಯ ಊರು. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು.

ಪಾಂಡವಪುರದ ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಜೀಪು ತೆವಳುತ್ತಿದ್ದಾಗ ನಾಲ್ವರೂ ಹಾಡು ಹೇಳಿಕೊಂಡರು. ಹೇಮ ಮುಂದಿನ ಸೀಟಿನಲ್ಲಿ ಕೂತು ಯೋಚಿಸುತ್ತಿದ್ದಳು. ಇವರನ್ನು ಕರೆದುಕೊಂಡು ಹೋಗುತ್ತಿರುವುದು ಒಳ್ಳೆಯದಕ್ಕೋ, ತಂಟೆಗೋ? ಬೀಪಿ ನೋಡುತ್ತಾರೆ, ಓದುವ ಕನ್ನಡಕ ಕೊಡುತ್ತಾರೆ, ಅದರಲ್ಲೇನು ತಪ್ಪು? ಆದರೆ ದೇವರ ಮಾತು ತೆಗೆದರೆ?

ದೊಡ್ಡವ್ವ ಬೆಟ್ಟಮ್ಮ ಜಗುಲಿಯಲ್ಲೇ ಕೂತಿದ್ದಳು. ಆರು ವರ್ಷದ ಹಿಂದೆ ಮಗಳು ಚೈತ್ರ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ನಾಗಮಂಗಲಕ್ಕೆ ಹೋದ ಮೇಲೆ, ಆ ಹೆಸರನ್ನು ಮನೆಯಲ್ಲಿ ಎತ್ತಕೂಡದು ಎಂದು ಮಗ ತಿಮ್ಮರಾಜು ಅಪ್ಪಣೆ ಮಾಡಿದ್ದ. ಬೆಟ್ಟಮ್ಮ ಅದಕ್ಕೆ ಎದುರು ಹೇಳಿರಲಿಲ್ಲ. ಹೆಸರಿನ ಜೊತೆ ಉಳಿದ ಮಾತೂ ಹೋಯಿತೇನೋ ಎಂಬಂತೆ ಹೂಂ, ಊಹೂಂ ಅಷ್ಟರಲ್ಲೇ ಇದ್ದುಬಿಟ್ಟಿದ್ದಳು.

ಮಧ್ಯಾಹ್ನದವರೆಗೆ ಎಲ್ಲ ಸಲೀಸಾಗಿ ನಡೆಯಿತು. ಊರಿನ ಹೆಂಗಸರು ಸಾಲಾಗಿ ಕೂತು ಬೀಪಿ ನೋಡಿಸಿಕೊಂಡರು. ಜನ ಕರಗಿದ ಮೇಲೆ ಸಾಂಗಿ ಬೆಟ್ಟಮ್ಮನ ಪಕ್ಕ ಬಂದು ಕೂತು, ಈ ತಾಯಿಗೆ ಏನು ನೋವು ಎಂದು ಕೇಳು ಅಂದಳು.

"ಮಂಡಿ ನೋವು ಕಣವ್ವ. ಇನ್ನೇನಿದ್ದದು?" ಎಂದಳು ಬೆಟ್ಟಮ್ಮ.

ಸಾಂಗಿ ಅವಳ ಮಂಡಿಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತನ್ನ ಭಾಷೆಯಲ್ಲಿ ಸಣ್ಣಗೆ ಹಾಡತೊಡಗಿದಳು. ಉಳಿದವರು ದನಿಗೂಡಿಸಿದರು. ಹೇಮ ನೋಡುತ್ತಿದ್ದ ಹಾಗೇ ಬೆಟ್ಟಮ್ಮನಿಗೆ ದುಃಖ ಒತ್ತರಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಗಂಡ ಸತ್ತಾಗಲೂ ಅವಳು ಹೀಗೆ ಅತ್ತದ್ದನ್ನು ಹೇಮ ಕಂಡಿರಲಿಲ್ಲ.

ಹಾಡು ಮುಗಿದಾಗ ಸಾಂಗಿಯ ಕಣ್ಣೂ ಒದ್ದೆಯಾಗಿತ್ತು. "ಯೇಸುವನ್ನು ಮನಸ್ಸಿನೊಳಗೆ ಬರಮಾಡಿಕೊಳ್ಳುತ್ತಾರಾ ಎಂದು ಕೇಳು," ಎಂದಳು ಹಿಂದಿಯಲ್ಲಿ.

ಹೇಮ ಸಾಂಗಿಯ ಮುಖ ನೋಡಿದಳು, ದೊಡ್ಡವ್ವನ ಮುಖ ನೋಡಿದಳು. ಅಳುತ್ತಿರುವ ಮುದುಕಿಯನ್ನು ಈಗ ಇದನ್ನು ಕೇಳುವುದೇ? ಕೇಳದಿದ್ದರೆ ನಂಬಿ ಕರೆತಂದವರಿಗೆ ಮೋಸವಲ್ಲವೇ? ಕೊನೆಗೆ ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ದೊಡ್ಡವ್ವ, ಇವ್ರು ಇನ್ನೊಂದ್ ಕಿತ ಮನೇಗ್ ಬರ್ಬೋದಾ ಅಂತ ಕೇಳ್ತಾವ್ರೆ."

"ಬರ್ಲಿ ಕಣ್ ಮಗ. ಯಾವಾಗ್ ಬೇಕಾರೂ ಬರ್ಲಿ. ಬಾಗ್ಲು ತೆಗ್ದೇ ಇರ್ತದೆ."

ಹೇಮ ಅದನ್ನು ಇದ್ದ ಹಾಗೇ ಹಿಂದಿಗೆ ತಿರುಗಿಸಿದಳು: ಬರಲಿ ಅಂತಾರೆ, ಬಾಗಿಲು ತೆರೆದಿದೆ ಅಂತಾರೆ. ಹೇಳಿದ ಮೇಲಷ್ಟೇ ಏನಾಯಿತೆಂದು ಹೊಳೆಯಿತು. ಸಾಂಗಿ ಬೆಟ್ಟಮ್ಮನನ್ನು ಬಾಚಿ ತಬ್ಬಿಕೊಂಡಳು. ಟೀಚರು ಬ್ಯಾಗಿನಿಂದ ಹೆಸರು ಬರೆದುಕೊಳ್ಳುವ ಪುಸ್ತಕ ತೆಗೆದು, ಈ ತಾಯಿಯ ಹೆಸರೇನು ಎಂದಳು. ಬೆಟ್ಟಮ್ಮನೂ ಸಾಂಗಿಯ ಬೆನ್ನು ಸವರುತ್ತಿದ್ದಳು. ತಿರುಗಿಸಿದ ಉತ್ತರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಎಲ್ಲವೂ ಸುಳ್ಳಾಗಿತ್ತು.

ಅಷ್ಟರಲ್ಲಿ ತಿಮ್ಮರಾಜು ಗದ್ದೆಯಿಂದ ಬಂದ. ಕಣ್ಣೊರೆಸಿಕೊಳ್ಳುತ್ತಿದ್ದ ತಾಯಿಯನ್ನೂ, ತೆರೆದ ಪುಸ್ತಕವನ್ನೂ ನೋಡಿ ಗುದ್ದಲಿಯನ್ನು ಗೋಡೆಗೆ ಒರಗಿಸಿದ.

"ಏನಮ್ಮಿ ಹೇಮ, ಯಾರಿವ್ರು? ಅವ್ವನ್ನ ಯಾಕ್ ಅಳಿಸ್ತಾವ್ರೆ? ಆ ಬುಕ್ನಾಗೆ ಏನ್ ಬರ್ಕತಾವ್ರೆ? ಮತಾಂತರ ಮಾಡಕ್ ಬಂದವ್ರಾ?"

ಸಾಂಗಿ ಎದ್ದು ಕೈಮುಗಿದು, ಸಂತೋಷದಿಂದಲೇ ಹಿಂದಿಯಲ್ಲಿ ಏನೋ ಹೇಳಿದಳು. ತಿಮ್ಮರಾಜುವಿಗೆ ಅರ್ಥವಾದದ್ದು 'ಮಾ' ಮತ್ತು 'ಯೇಸು' ಎರಡೇ. ಅವನ ಕುತ್ತಿಗೆಯ ನರ ಉಬ್ಬಿತು.

"ಅಣ್ಣ, ತಡಿ. ತಪ್ಪು ನಂದು," ಎಂದಳು ಹೇಮ. ಆಮೇಲೆ ಒಮ್ಮೆ ಹಿಂದಿಯಲ್ಲಿ, ಒಮ್ಮೆ ಕನ್ನಡದಲ್ಲಿ, ನಡೆದದ್ದನ್ನು ಎಲ್ಲರಿಗೂ ಹೇಳಿದಳು. ಇವರು ಕೇಳಿದ್ದು ಒಂದು, ತಾನು ದೊಡ್ಡವ್ವನನ್ನು ಕೇಳಿದ್ದು ಇನ್ನೊಂದು. ಯಾರ ಮುಖ ನೋಡಲೂ ಧೈರ್ಯವಾಗಲಿಲ್ಲ.

ಟೀಚರು ಪುಸ್ತಕ ಮುಚ್ಚಿದಳು. ಸಾಂಗಿ ಹೇಮಳತ್ತ ತಿರುಗಿ, ನೀನು ನನಗೆ ಅಲ್ಲೇ ಹೇಳಬೇಕಿತ್ತು ಮಗಳೇ ಎಂದಳು. ಬೈಗುಳದಂತೆ ಕೇಳಲಿಲ್ಲ. ಅದಕ್ಕೇ ಹೇಮಳಿಗೆ ಇನ್ನೂ ಸಂಕಟವಾಯಿತು.

"ಸರಿ, ಹೊಲ್ಡಿ ಇನ್ನ," ಎಂದ ತಿಮ್ಮರಾಜು.

"ಇರ್ಲಾ," ಎಂದಳು ಬೆಟ್ಟಮ್ಮ. ಆ ದನಿ ಕೇಳಿ ಎಲ್ಲರೂ ತಿರುಗಿದರು. "ನನ್ನ ಕೇಳಿದ್ದು ತಾನೇ? ಏನ್ ಕೇಳುದ್ರೋ ಅದ್ನೇ ಕೇಳಮ್ಮಿ ಈಗ."

ಹೇಮ ಕೇಳಿದಳು. ಅವ್ರ ದೇವ್ರನ್ನ ನಿನ್ನ ಮನಸ್ಸಿಗೆ ಕರ್ಕತೀಯಾ ಅಂತ.

ಬೆಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗದೆಲ್ಲ ಏನ್ ಗೊತ್ತಾದದು? ಅವ್ರ ದೇವ್ರು ಅವ್ರ್ಗಿರ್ಲಿ, ನಮ್ಮವ ನಮ್ಗವ್ನೆ. ಆದ್ರೆ ಆವಮ್ಮ ಹಾಡೋವಾಗ ನಂಗೆ ಚೈತ್ರ ಕಂಡ್ಳು ಕಣೋ ತಿಮ್ಮ. ಸಣ್ಣೋಳಿದ್ದಾಗ ಹೊಳೇಲಿ ಬಟ್ಟೆ ಒಗ್ಯೋವಾಗ ಇಂಗೇ ಗುನುಗ್ತಿದ್ಲು. ಆರ್ ವರ್ಸ ನಿನ್ ಮಾತ್ ಕೇಳ್ದೆ. ಇನ್ನ ಆಗಕಿಲ್ಲ. ಅವ್ಳನ್ನ ಕರ್ಸು."

ತಿಮ್ಮರಾಜು ಬಂದವರ ಮೇಲೆ ರೇಗಬೇಕೋ, ತಾಯಿಯ ಮೇಲೋ ತಿಳಿಯದೆ, ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕತೊಡಗಿದ.

ಜೀಪಿನಲ್ಲಿ ಸಾಂಗಿ, ಚೈತ್ರ ಯಾರು ಎಂದಳು. ಹೇಮ ಎಲ್ಲ ಹೇಳಿದಳು. ಸಾಂಗಿ ಕಿಟಕಿಯತ್ತ ತಿರುಗಿ ಕೂತಳು. ಅವಳಿಗೆ ನಿರಾಸೆಯಾಯಿತೋ, ಇನ್ನೇನಾದರೂ ಆಯಿತೋ, ಹೇಮಳಿಗೆ ಕೇಳಲಾಗಲಿಲ್ಲ. ಮರುದಿನ ಹೋಗಬೇಕಿದ್ದ ಇನ್ನೊಂದು ಹಳ್ಳಿಗೆ ಅವರು ಹೋಗಲಿಲ್ಲ.

ಐದನೆಯ ದಿನ ತಿಮ್ಮರಾಜುವಿನ ಫೋನು ಬಂತು.

"ಹೇಮ, ನಂಬರ್ ಐತಾ ನಿನ್ ತಾವ?"

"ಆ ಮಿಜೋರಾಂನೋರ್ದಾ, ಅಣ್ಣ?"

"ಅವ್ರ್ದ್ಯಾಕಮ್ಮಿ ನಂಗೆ? ಅವ್ಳ್ದು." ಹೆಸರು ಅವನ ಬಾಯಿಂದ ಹೊರಡಲಿಲ್ಲ.

ನಂಬರು ತೆಗೆದುಕೊಂಡನೇ ಹೊರತು ಫೋನು ಮಾಡಲಿಲ್ಲ. ಮಾಡಿದವಳು ಬೆಟ್ಟಮ್ಮ, ಅವನದೇ ಮೊಬೈಲಿನಿಂದ. ಮುಂದಿನ ಭಾನುವಾರ ಚೈತ್ರ ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ನಾಗಮಂಗಲದಿಂದ ಬಂದಳು. ಧೈರ್ಯಕ್ಕೆ ಹೇಮಳನ್ನೂ ಕರೆಸಿಕೊಂಡಿದ್ದಳು. ಬೆಟ್ಟಮ್ಮ ಮೊಮ್ಮಗಳನ್ನು ತೊಡೆಯಿಂದ ಇಳಿಸಲೇ ಇಲ್ಲ. ಅವಳೂ ಚೈತ್ರಳೂ ಒಂದೇ ತಟ್ಟೆಯಲ್ಲಿ ಉಂಡರು. ತಿಮ್ಮರಾಜು ಬೆಳಗ್ಗೆಯೇ ಗದ್ದೆಗೆ ಹೋಗಿದ್ದವನು ಊಟಕ್ಕೂ ಬರಲಿಲ್ಲ.

"ಅದೆಂಗಮ್ಮಿ ಅವ್ವಂಗೆ ಮಾತ್ ಬಂತು?" ಎಂದು ಚೈತ್ರ ಕೇಳಿದಾಗ ಹೇಮ ತಡವರಿಸಿದಳು. ತನ್ನ ತಪ್ಪಿನಿಂದ ಎನ್ನಲೇ, ಆ ಹೆಂಗಸಿನ ಪ್ರಾರ್ಥನೆಯಿಂದ ಎನ್ನಲೇ?

ಸಂಜೆ ಚೈತ್ರ ಬಸ್ಸಿಗೆ ಹೊರಟಾಗ ತಿಮ್ಮರಾಜು ಬೈಕು ತಂದು ಜಗುಲಿಯ ಮುಂದೆ ನಿಲ್ಲಿಸಿದ. ತಂಗಿಯ ಮುಖ ನೋಡಲಿಲ್ಲ.

"ಬಸ್ಸು ನೆಚ್ಕೊಂಡು ಕೂರ್ಬ್ಯಾಡ. ಮಗೀನ ಮುಂದೆ ಕೂರ್ಸು. ಪೇಟೆಗಂಟ ಬುಟ್ಬತ್ತೀನಿ," ಎಂದ.

ಅವನ ಮನಸ್ಸು ಕರಗಿತೋ, ಊರವರ ಕಣ್ಣಿಗೆ ಬೀಳುವ ಮುಂಚೆ ಕಳಿಸಿಬಿಡುವ ಆತುರವೋ, ಹೇಮಳಿಗೆ ಗೊತ್ತಾಗಲಿಲ್ಲ. ಚೈತ್ರಳಿಗೂ ಗೊತ್ತಾಗಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಹಿಂದೆ ಹತ್ತಿ ಕೂತು, ಬೀಳದಂತೆ ಅವನ ಭುಜ ಹಿಡಿದುಕೊಂಡಳು.