ಬುರುಡೆ ಬರೆದ ಡಬ್ಬಿ

ಕೊತಕೊತ, ಕೊತಕೊತ, ಮುಚ್ಚಳ ಕುಣಿಯುತ್ತಿದೆ, ಉರಿ ಸಣ್ಣ ಮಾಡಬೇಕು, ನಾಟಿ ಬೀನ್ಸಿನ ಕಾಳು ಜೋರು ಉರಿಗೆ ಸಿಪ್ಪೆ ಬಿಡುತ್ತದೆ, ಅಮ್ಮ ಹೇಳುತ್ತಿದ್ದಳು, ಕಾಳನ್ನ ಹೆದರಿಸಬೇಡ ಕಣೋ, ನಿಧಾನಕ್ಕೆ ಬೇಯಿಸು — ಉಪ್ಪು ಈಗ ಬೇಡ, ಕಡೆಗೆ, ಮೊದಲೇ ಹಾಕಿದರೆ ಮುನಿಸಿಕೊಂಡು ಗಟ್ಟಿಯಾಗಿಯೇ ಕೂತುಬಿಡುತ್ತದೆ, ಥೇಟ್ ನಮ್ಮ ಅಕ್ಕನ ಹಾಗೆ, ಹನ್ನೆರಡಕ್ಕೆ ಬರುತ್ತಾಳೆ ಅಕ್ಕ, ಊಟಕ್ಕೆ ಅಂತ ಹೆಸರು, ಬರುವುದು ಬೀಜಕ್ಕೆ, ಅವಳ ಹಿತ್ತಲಿನ ಬಳ್ಳಿಗಳೆಲ್ಲ ಈ ಸಲ ರೋಗ ಬಡಿದು ಹೋದವು, ಫೋನಿನಲ್ಲಿ ಅತ್ತಳು, ಅಮ್ಮನ ಬೀಜ ಕಣೋ, ಇನ್ನೆಲ್ಲೂ ಸಿಗಲ್ಲ, ನಿನ್ನ ಹತ್ರ ಇದೆ ತಾನೆ, ಇದೆ ಕಣೇ, ಡಬ್ಬಿ ತುಂಬ ಇದೆ, ನಾನಿಲ್ವಾ — ಆ ಧೈರ್ಯದಲ್ಲೇ ಅಡುಗೆಯ ಕಾಳನ್ನು ಒಂದೂ ಉಳಿಸದೆ ಪಾತ್ರೆಗೆ ಸುರಿದೆ, ಹಾಲಿನಂಥ ಬಿಳಿ ಕಾಳು, ಪ್ರತಿಯೊಂದಕ್ಕೂ ಒಂದು ಕೆಂಪು ಕಣ್ಣು, ಅಮ್ಮ ಕತ್ತು ಬಗ್ಗಿಸಿ ಸುಲಿಯುವಾಗ ಮೊರದ ತುಂಬ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದವು, ಈಗ ನೀರೆಲ್ಲ ಕೆಂಪು, ಕಣ್ಣುಗಳೆಲ್ಲ ಕರಗಿದವು, ಸರಿ, ಬೀಜದ ಡಬ್ಬಿ ಇಳಿಸಿಡೋಣ ಎಂದು ಅಟ್ಟದ ಮೇಲೆ ಕೈಯಾಡಿಸಿದರೆ ಧೂಳಿನಲ್ಲಿ ದುಂಡನೆಯ ಗುರುತೊಂದೇ ಇದೆ, ಡಬ್ಬಿ ಇಲ್ಲ.

ಇಲಿ ಪಾಷಾಣ — ಅಮ್ಮನ ಉಪಾಯ ಅದು, ಬೀಜದ ಡಬ್ಬಿ ಮೇಲೆ ಹಾಗೆ ಬರೆದುಬಿಡು, ಯಾರೂ ಬೇಯಿಸಿಕೊಂಡು ತಿನ್ನಲ್ಲ, ಅವಳದು ಕಾಗುಣಿತ ತಪ್ಪಿದ ಸೀಸದಕಡ್ಡಿ ಬರಹ, ಇಲಿಯೂ ನಂಬುತ್ತಿರಲಿಲ್ಲ, ನಾನೋ ಮೂವತ್ತು ವರ್ಷದಿಂದ ಬೋರ್ಡ್ ಬರೆಯುವವನು, ಕೈ ಸುಮ್ಮನಿದ್ದೀತೇ, ಹಳೆಯದು ತುಕ್ಕು ಹಿಡಿಯಿತೆಂದು ಹೊಸ ಡಬ್ಬಿಗೆ ತುಂಬಿ ಕೆಂಪು ಎನಾಮಲ್ಲಿನಲ್ಲಿ ಅಕ್ಷರ, ಅಕ್ಷರಕ್ಕೆ ನೆರಳು, ಕೆಳಗೊಂದು ಬುರುಡೆ, ಎರಡು ಮೂಳೆ, ಹಲ್ಲಿಗೆ ಹೊಳಪು ಬೇರೆ ಕೊಟ್ಟೆ, ಯಾರಿಗೂ ಹೇಳಲಿಲ್ಲ, ಹೇಳಿದರೆ ಗುಟ್ಟೇನು ಬಂತು — ಏನೇ, ಅಟ್ಟದ ಮೇಲಿದ್ದ ಡಬ್ಬಿ ಎಲ್ಲಿ, ಹೆಂಡತಿ ಹಿಂಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಾಳೆ, ಪಾಷಾಣದ್ದಾ, ಅದನ್ನ ಎಸೆದು ಎಂಟು ದಿನ ಆಯ್ತು, ಮೊಮ್ಮಗು ಅಂಬೆಗಾಲಿಡೋ ಮನೇಲಿ ಅಂಥದ್ದು ಇಟ್ಕೋತಾರೇನ್ರೀ, ಅಯ್ಯೋ ಅದು ಬೀಜ ಕಣೇ, ಅಮ್ಮನ ಬೀಜ, ಮುಚ್ಚಳ ತೆಗೆದು ನೋಡಬಾರದಾ, ನೋಡ್ದೆ, ನಮ್ಮ ಕಾಳಿಗೇ ವಿಷ ಸವರಿ ಇಲಿಗೆ ಇಟ್ಟಿದ್ದೀರಿ ಅಂದ್ಕೊಂಡೆ, ಅಷ್ಟು ಚೆನ್ನಾಗಿ ಬುರುಡೆ ಬರೆದ್ರೆ ಯಾರ್ರೀ ನಂಬಲ್ಲ — ಕೈ ತಾನಾಗಿ ಉಪ್ಪು ಹಾಕಿತು, ಮತ್ತೊಂದು ಚಮಚ ಹಾಕಿತು, ಬೆಂದ ಕಾಳು ಮೊಳೆಯುವುದುಂಟೇ, ಅಕ್ಕನಿಗೆ ಯಾವ ಮುಖ ತೋರಿಸಲಿ, ನಾನಿಲ್ವಾ ಅಂದ ಮುಖವನ್ನೇ — ಕಸದ ಗಾಡಿಗೆ ಹಾಕಿದ್ಯಾ, ಇಲ್ಲ, ನಾಯಿಗೀಯಿ ತಿಂದ್ರೆ ಪಾಪ ಅಂತ ಒಗೆಯೋ ಕಲ್ಲಿನ ಪಕ್ಕ ಕಾಳನ್ನೆಲ್ಲ ಸುರಿದು ಹೂತುಬಿಟ್ಟೆ, ಆಳಕ್ಕೆ ಅಗೆಯೋಣ ಅಂದ್ರೆ ಈ ಸೊಂಟ ಬಿಡ್ಬೇಕಲ್ಲ.

ಸೌಟು ಕೈಯಲ್ಲೇ ಇದೆ, ಓಡುತ್ತಿದ್ದೇನೆ, ಚಪ್ಪಲಿ ಒಂದೇ ಕಾಲಿಗೆ, ಎಂಟು ದಿನ ಬಟ್ಟೆ ಜಾಲಾಡಿದ ನೀರು ಅಲ್ಲೇ ಹರಿದಿದೆ, ಕೊಳೆತಿದ್ದರೆ, ಕೊಳೆತೇ ಇರುತ್ತದೆ — ಮಣ್ಣು ಬಿರಿದಿದೆ, ಹೆಂಟೆಯೊಂದು ಓರೆಯಾಗಿ ಎದ್ದಿದೆ, ಅದರಡಿ ಕತ್ತು, ಮೊಳಕೆಯ ಬಾಗಿದ ಕತ್ತು, ಒಂದಲ್ಲ, ಎಂಟು, ಇಪ್ಪತ್ತು, ಗುಂಪಾಗಿ, ಒಂದನ್ನೊಂದು ನೂಕಾಡಿಕೊಂಡು, ಅಬ್ಬಾ, ಅಬ್ಬಬ್ಬಾ, ಹೋದ ಜೀವ ಬಂತು, ಇವಳ ಸೊಂಟ ನೂರು ವರ್ಷ ನೋಯಲಿ, ಥೂ, ಏನು ಮಾತು, ಇವತ್ತೇ ಎಣ್ಣೆ ತಿಕ್ಕುತ್ತೇನೆ, ಅಳು ಬರುತ್ತಿದೆ, ನಗುವೂ, ಕುಂಡಕ್ಕೆ ಕಿತ್ತು ನೆಟ್ಟರೆ ಅಕ್ಕನಿಗೆ ಅರ್ಧ ನಮಗರ್ಧ, ಉಪ್ಪು ಹೆಚ್ಚಾಗಿದೆ ಅಂತ ಬೈಯಲಿ, ಹೊಟ್ಟೆ ತುಂಬ ಬೈಯಲಿ, ಗೇಟು ಕಿರ್ರೆಂದಿತು, ಏನೋ ಪೇಂಟರ್, ಸೌಟು ಹಿಡ್ಕೊಂಡು ಮಣ್ಣಲ್ಲಿ ಏನೋ ಮಾಡ್ತಿದ್ದೀಯ, ಬೀಜ ಎಲ್ಲೋ, ಬಾರೇ, ಮೆಲ್ಲಗೆ ಬಾ, ಇಲ್ಲಿ ಕೂತ್ಕೋ, ತುಳಿಬೇಡ — ಎಲ್ಲಕ್ಕಿಂತ ಮುಂದಿನದು ಕತ್ತು ಎತ್ತುತ್ತಿದೆ, ಒಡೆದ ಬಿಳಿ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಟೋಪಿಯ ಹಾಗೆ ಹೊತ್ತುಕೊಂಡೇ ಇದೆ, ಟೋಪಿಯ ಮೇಲೆ ಕೆಂಪು ಕಣ್ಣು, ಕರಗದ ಕೆಂಪು ಕಣ್ಣು