ಸಣ್ಣ ಹಿಡಿಯ ರಿವಾಲ್ವರ್

ಹಳೆಯ ರಿವಾಲ್ವರ್ ಕೊಳ್ಳಲು ಬರುವವರು ಮೊದಲು ನೋಡುವುದು ಹೊಳಪನ್ನು. ಅಲ್ಲೇ ಟೋಪಿ ಬೀಳುವುದು. ಹೊಳಪನ್ನು ನಾನು ಅರ್ಧ ದಿನದಲ್ಲಿ ತರಿಸಬಲ್ಲೆ, ಎಣ್ಣೆ, ಬಟ್ಟೆ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು. ನೋಡಬೇಕಾದದ್ದು ಒಳಗೆ. ಟ್ರಿಗರ್ ಒತ್ತಿ ಹಿಡಿದು ಸಿಲಿಂಡರ್ ಅಲುಗಿಸಿದರೆ ಅದು ಅಲುಗಬಾರದು. ನಳಿಗೆಯ ಒಂದು ತುದಿಗೆ ಬೆಳಕು ಹಿಡಿದು ಇನ್ನೊಂದು ತುದಿಯಿಂದ ಇಣುಕಿದರೆ ಒಳಗಿನ ಗೆರೆಗಳು ಚೂಪಾಗಿ ಕಾಣಬೇಕು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾವನೋ ಅಡ್ಡಕಸುಬಿ ಬಿಚ್ಚಿ ಜೋಡಿಸಿದ್ದಾನೆ ಎಂದರ್ಥ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಇದನ್ನೆಲ್ಲ ಗಿರಾಕಿಗಳಿಗೆ ನಾನೇ ಹೇಳಿಕೊಡುತ್ತೇನೆ. ನಿನ್ನ ಹೊಟ್ಟೆಗೆ ನೀನೇ ಕಲ್ಲು ಹಾಕಿಕೊಳ್ಳುತ್ತೀಯ ಎಂದು ಎದುರಂಗಡಿಯ ಬೀಗದವನು ನಗುತ್ತಾನೆ. ನಗಲಿ. ಈ ಅಂಗಡಿಯಿಂದ ಕೊಟ್ಟ ದುಡ್ಡಿಗೆ ಮೋಸವಾಗಿ ಯಾರೂ ಹೋಗಿಲ್ಲ, ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನು ಬಿಟ್ಟು.

ಇನ್ನೊಂದು ಹೆಚ್ಚುಗಾರಿಕೆ ನನಗಿತ್ತು. ಮನುಷ್ಯ ರಿವಾಲ್ವರ್ ಆರಿಸುವ ರೀತಿ ನೋಡಿಯೇ ಅವನ ಹೊಟ್ಟೆಯೊಳಗೇನಿದೆ ಎಂದು ಹೇಳುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದೆ. ಜಂಬದವನು ಉದ್ದನೆಯ ನಳಿಗೆ ಕೇಳುತ್ತಾನೆ. ಪುಕ್ಕಲ ದೊಡ್ಡ ಸದ್ದು ಮಾಡುವುದನ್ನು ಕೇಳುತ್ತಾನೆ. ಏನೂ ಕೇಳದೆ ಬೇಗ ಆರಿಸುವವನ ಮೇಲೆ ಒಂದು ಕಣ್ಣಿಡಬೇಕು.

ಆ ಸೋಮವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಚಿಕ್ಕಂದಿನಲ್ಲಿ ದಪ್ಪಗಿದ್ದೆನೆಂದು ಅವಳು ಕರೆಯುತ್ತಿದ್ದದ್ದು ಗುಂಡ ಎಂದು. ಗುಂಡ ಹೋಗಿ ಗುಂಡಿನ ಅಂಗಡಿಯನ್ನೇ ಸೇರಿದನಲ್ಲ ಎಂದು ಬಂದವರೆದುರೆಲ್ಲ ಹೇಳಿ ನಗುವವಳು. ಆ ದಿನ ನಗಲಿಲ್ಲ.

"ಗುಂಡಾ, ಅವನು ನನ್ನನ್ನ ಸುಮ್ನೆ ಬಿಡಲ್ಲ ಕಣೋ. ಕೊಂದೇ ಹಾಕ್ತಾನೆ."

"ಯಾರು? ಏನಾಯ್ತೇ?"

"ಆಮೇಲೆ ಮಾಡ್ತೀನಿ, ಯಾರೋ ಬಾಗಿಲು ಬಡೀತಿದಾರೆ," ಎಂದವಳು ಇಟ್ಟುಬಿಟ್ಟಳು. ತಿರುಗಿ ಮಾಡಿದರೆ ಎತ್ತಿದ್ದು ಭಾವ.

"ಅವಳಿಗೆ ತಲೆನೋವು, ಮಲಗಿದಾಳೆ. ಏನೂ ಇಲ್ಲ, ಇಡು."

ಏನೂ ಇಲ್ಲ ಎಂದು ಕೇಳದೆಯೇ ಹೇಳಿದ್ದು ನನ್ನ ಕಿವಿಯಲ್ಲಿ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಉಳಿದದ್ದು 'ಅವನು' ಎಂಬ ಮಾತು. ಮದುವೆಯಾಗಿ ಇಪ್ಪತ್ತೆಂಟು ವರ್ಷದಿಂದ ಅಕ್ಕನ ಬಾಯಲ್ಲಿ ಭಾವ ಎಂದರೆ 'ಇವರು'. ಒಮ್ಮೆ ಭಾವ ಊಟದ ತಟ್ಟೆಯ ಮುಂದೆಯೇ ಅವಳ ಕೆನ್ನೆಗೆ ಹೊಡೆದಿದ್ದ. ನಾನು ಕಣ್ಣಾರೆ ಕಂಡವನು, ಅಂದಿನಿಂದ ಅವನ ಮುಖ ಕಂಡರೆ ನನಗಾಗದು. ಆ ದಿನವೂ ಅವಳು "ಇವರಿಗೆ ಕೋಪ ಬಂದ್ರೆ ತಲೆ ನಿಲ್ಲಲ್ಲ" ಎಂದಳೇ ಹೊರತು ಏಕವಚನಕ್ಕೆ ಇಳಿಯಲಿಲ್ಲ. ಇವರು ಎನ್ನುತ್ತಿದ್ದವಳು ಈಗ ಅವನು ಎಂದರೆ, ನೀರು ಮೂಗಿನವರೆಗೆ ಬಂದಿದೆ ಎಂದೇ ಲೆಕ್ಕ. ನನಗೆ ಹೆದರಿಕೆಯಾಯಿತು.

ಆ ಮನೆಯ ರಕ್ತವೂ ಅಂಥದ್ದೇ ಎಂದುಕೊಂಡೆ. ಭಾವನ ತಮ್ಮ ಪಕ್ಕದ ಮನೆಯಾತನನ್ನು ಕೊಡಲಿಯಿಂದ ಕಡಿದು ಒಂಬತ್ತು ವರ್ಷದ ಹಿಂದೆ ಜೈಲು ಸೇರಿದವನು. ಕಂಡದ್ದನ್ನು ಕಂಡಹಾಗೆ ಕೋರ್ಟಿನಲ್ಲಿ ಹೇಳಿದವಳು ಅಕ್ಕ. ಮೈದುನನ ವಿರುದ್ಧವೇ ಸಾಕ್ಷಿ ಹೇಳಿದಳಲ್ಲ ಎಂದು ನೆಂಟರೆಲ್ಲ ಆಡಿಕೊಂಡರು. ಆಮೇಲೆ ಆ ಮನೆಯಲ್ಲಿ ಅವನ ಹೆಸರೆತ್ತುವುದೇ ನಿಂತುಹೋಯಿತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಭಾವ ಅಂಗಡಿಗೆ ಬಂದ. ನನ್ನ ಅಂಗಡಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಅವನದು ಪ್ರಿಂಟಿಂಗ್ ಪ್ರೆಸ್ಸು. ಅಗಲವಾದ ಕೈ, ಉಗುರಿನ ಸಂದಿಯಲ್ಲಿ ಕಪ್ಪು ಮಸಿ. ಜೇಬಿನಿಂದ ಲೈಸೆನ್ಸ್ ತೆಗೆದು ಗಾಜಿನ ಮೇಲಿಟ್ಟ. ಅದರ ಮೇಲಿನ ಮುದ್ರೆ ಹೊಸದು.

"ಒಂದು ರಿವಾಲ್ವರ್ ಬೇಕಾಗಿತ್ತು ಕಣಪ್ಪ. ಸೆಕೆಂಡ್‌ಹ್ಯಾಂಡ್ ಆದ್ರೂ ಪರವಾಗಿಲ್ಲ, ಕೈ ಕೊಡಬಾರದು ಅಷ್ಟೇ."

"ಯಾಕೆ ಭಾವ, ಪ್ರೆಸ್ಸಿನ ಗಿರಾಕಿಗಳು ಹೇಳಿದ ಮಾತು ಕೇಳ್ತಿಲ್ವಾ?"

ಅವನು ನಗಲಿಲ್ಲ. "ಮನೇಲಿ ಒಂದು ಇರಲಿ ಅಂತ," ಎಂದು ನನ್ನ ತಲೆಯ ಮೇಲಿನ ಬೋರ್ಡ್ ನೋಡಿದ. ಲೈಸೆನ್ಸ್ ಯಾರದೋ ಆಯುಧ ಅವರ ಕೈಗೆ ಮಾತ್ರ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ಅಣ್ಣನಿಗೆ, ಹೆಂಡತಿಗೆ ಎಂದು ಬಾಯಿಬಿಟ್ಟವರನ್ನು ನಾನು ನಿಂತ ಕಾಲಲ್ಲೇ ವಾಪಸು ಕಳಿಸುತ್ತೇನೆ. ಅದು ನೆಂಟರಿಗೆಲ್ಲ ಗೊತ್ತು.

ಐದು ರಿವಾಲ್ವರ್ ತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟೆ. ನಾಲ್ಕನ್ನು ಅವನು ಕೈಯಲ್ಲಿ ತೂಗಿ ಕೆಳಗಿಟ್ಟ. ಐದನೆಯದು ಗಿಡ್ಡ ನಳಿಗೆಯದು, ಹಿಡಿ ಸಣ್ಣದು. ಅವನ ಮುಷ್ಟಿಯೊಳಗೆ ಅದು ಮುಳುಗಿಯೇ ಹೋಯಿತು, ಕಿರುಬೆರಳಿಗೆ ಹಿಡಿಯಲು ಜಾಗವೇ ಉಳಿಯಲಿಲ್ಲ.

"ಇದು ನಿಮ್ಮ ಕೈಗೆ ಆಟದ ಸಾಮಾನು ಭಾವ. ಆ ಎರಡನೇದು ತಗೊಳ್ಳಿ. ಅದರ ಸಿಲಿಂಡರ್ ನೋಡಿ, ಕೂದಲೆಳೆ ಅಲುಗಲ್ಲ. ಕೊಟ್ಟ ದುಡ್ಡಿಗೆ ಅದೇ ಸರಿ."

"ಬೇಡ, ಇದೇ ಇರಲಿ. ಟ್ರಿಗರ್ ಗಟ್ಟಿ ಇದೆಯಾ?"

"ಬೆಣ್ಣೆ ಥರ ಇದೆ."

"ಹಂಗಿದ್ರೇನೇ ಒಳ್ಳೇದು." ಗೋಡೆಯ ಕಡೆ ಗುರಿ ಹಿಡಿದು ಎರಡು ಸಲ ಖಾಲಿ ಒತ್ತಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ, "ಮನೆಯೊಳಗೆ, ಐದಾರು ಅಡಿ ದೂರ ಅಂತಿಟ್ಕೋ. ಒಂದೇ ಏಟಿಗೆ ಕೆಲಸ ಆಗುತ್ತಾ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಿಡಿ ಸಣ್ಣದು, ಜೇಬಿನಲ್ಲಿ ಕಾಣದು. ಟ್ರಿಗರ್ ಹಗುರ, ಎರಡನೆಯ ಯೋಚನೆಗೆ ಸಮಯ ಕೊಡದು. ಮನೆಯೊಳಗೆ, ಐದಾರು ಅಡಿ. ಅಡುಗೆಮನೆಯ ಬಾಗಿಲಿಗೂ ಒಲೆಗೂ ನಡುವೆ ಅಷ್ಟೇ ದೂರವಿದೆ. ಅಲ್ಲಿ ಬೆನ್ನು ಹಾಕಿ ನಿಂತ ಅಕ್ಕ ನನ್ನ ಕಣ್ಣಿಗೆ ಬಂದಳು.

"ಆಗುತ್ತೆ," ಎಂದೆ. "ಸರ್ವಿಸ್ ಮಾಡಿಡ್ತೀನಿ. ನಾಳೆ ಬನ್ನಿ."

ಕೊಡುವುದಿಲ್ಲ ಎನ್ನಬಹುದಿತ್ತು. ಎಂದರೆ ಮುಂದಿನ ಬೀದಿಯ ಅಂಗಡಿಗೆ ಹೋಗಿ ಸರಿಯಾಗಿರುವುದನ್ನೇ ತರುತ್ತಾನೆ. ಅಕ್ಕನ ಮನೆಗೆ ಹೋಗಿ ಎದುರಿಗೆ ಕೂತು ಕೇಳಬಹುದಿತ್ತು. ಹೋಗಲಿಲ್ಲ. ಕೇಳುವುದೇನಿದೆ, ಎಲ್ಲ ಕಣ್ಣ ಮುಂದೆಯೇ ಇದೆಯಲ್ಲ ಎಂಬ ಕೊಬ್ಬು ನನ್ನದು.

ಊಟವಾದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ರಿವಾಲ್ವರ್ ಬಿಚ್ಚಿದೆ. ಸಿಲಿಂಡರಿನ ಹಿಂದೆ, ಗುಂಡಿನ ಬೆನ್ನಿಗೆ ಹೋಗಿ ಕುಟ್ಟುವ ಒಂದು ಮೊಳೆ ಇರುತ್ತದೆ, ಅಕ್ಕಿಕಾಳಿನಷ್ಟು. ಅದು ಕುಟ್ಟಿದರೆ ಮಾತ್ರ ಗುಂಡು ಹಾರುವುದು. ಅದನ್ನು ಅರದಿಂದ ಉಜ್ಜಿದೆ. ಎರಡು ಸಲ ಉಜ್ಜಿ ನೋಡಿದೆ, ಮತ್ತೆ ಎರಡು ಸಲ. ಇಷ್ಟು ವರ್ಷ ಕೆಟ್ಟದ್ದನ್ನು ಸರಿಮಾಡಿದ ಕೈ, ಸರಿಯಿದ್ದದ್ದನ್ನು ಕೆಡಿಸುವಾಗ ನಡುಗಲೇ ಇಲ್ಲ. ಜೋಡಿಸಿ ಟ್ರಿಗರ್ ಒತ್ತಿದೆ. ಸದ್ದಿನಲ್ಲಿ ಒಂಚೂರು ವ್ಯತ್ಯಾಸ ಬಂದಿತ್ತು. ಮೊದಲು ಟಕ್ ಎನ್ನುತ್ತಿದ್ದದ್ದು ಈಗ ನಾಲಿಗೆ ಲೊಚಗುಟ್ಟಿದ ಹಾಗೆ ಕೇಳಿಸಿತು. ನನ್ನಂಥವನಿಗಲ್ಲದೆ ಬೇರೆಯವರಿಗೆ ತಿಳಿಯುವಂಥದ್ದಲ್ಲ.

ಬುಧವಾರ ಭಾವ ಬಂದು ಗುಂಡುಗಳನ್ನೂ ಸೇರಿಸಿ ತೆಗೆದುಕೊಂಡು ಹೋದ. ಹೋಗುವ ಮುಂಚೆ ಬಾಗಿಲಲ್ಲಿ ನಿಂತ. "ನಿನ್ನ ಮೇಲೆ ಭಾರ ಹಾಕಿ ತಗೊಂಡು ಹೋಗ್ತಿದೀನಪ್ಪ," ಎಂದ. ಎಂಥ ನಾಟಕ ಎಂದುಕೊಂಡೆ. ಸೋಮವಾರದ ಫೋನಿನ ನಂತರ ಆ ರಾತ್ರಿಯೇ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಬಂತು. ಅಕ್ಕನ ಜೀವ ಉಳಿಸಿದೆ ಎಂಬ ಖುಷಿ ನನಗೆ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಅಕ್ಕನ ಫೋನ್. ದನಿ ಸಣ್ಣದಾಗಿತ್ತು, ಆದರೆ ಗಟ್ಟಿಯಾಗಿತ್ತು.

"ಗುಂಡಾ, ಇವರು ಪ್ರೆಸ್ಸಿಗೆ ಹೋಗಿದಾರೆ. ಅವನು ಬಂದಿದಾನೆ ಕಣೋ."

ಇವರು ಹೋಗಿದ್ದಾರೆ. ಅವನು ಬಂದಿದ್ದಾನೆ. ಎರಡೂ ಒಂದೇ ಉಸಿರಿನಲ್ಲಿ. ಗಾಜಿನ ಕಪಾಟು ಹಿಡಿದುಕೊಂಡು ನಿಂತೆ.

"ಯಾರಕ್ಕ? ಯಾರು ಬಂದಿರೋದು?"

"ಇನ್ಯಾರು, ಇವರ ತಮ್ಮ. ಜೈಲಿಂದ ಬಿಟ್ಟು ಎರಡು ವಾರ ಆಯ್ತು. ನನಗೆ ಒಂದು ಗತಿ ಕಾಣಿಸ್ತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಈಗ ಕಾಂಪೌಂಡ್ ಹಾರಿದಾನೆ, ಹಿತ್ತಲ ಬಾಗಿಲು ಒದೀತಿದಾನೆ. ಪೊಲೀಸರಿಗೆ ಹೇಳಿದೀನಿ. ನೀನು ಗಾಬರಿ ಆಗ್ಬೇಡ. ನೀನು ಕೊಟ್ಟಿದ್ದು ನನ್ನ ಕೈಲೇ ಇದೆ. ನನ್ನ ಕೈ ಅಳತೆಗೆ ಅಂತ ಇವರೇ ನೋಡಿ ತಂದಿದ್ದು. ಬೋರ್ಡ್ ನೋಡಿ ನಿನಗೆ ಹೇಳಲಿಲ್ವಂತೆ."

"ಅಕ್ಕಾ, ಅದನ್ನ ನಂಬಬೇಡ. ಮುಂದಿನ ಬಾಗಿಲಿಂದ ಓಡು. ಅದು ಹಾರಲ್ಲ ಅಕ್ಕಾ, ನಾನೇ ಅದನ್ನ..."

ಆದರೆ ಫೋನನ್ನು ಅವಳು ಆಗಲೇ ಎಲ್ಲೋ ಕೆಳಗಿಟ್ಟಿದ್ದಳು, ಎರಡೂ ಕೈಯಲ್ಲಿ ಹಿಡಿಯುವುದಕ್ಕೆ ಇರಬೇಕು. ನಾನು ಕಿರುಚಿದೆ. ಎದುರಂಗಡಿಯ ಬೀಗದವನು ಎದ್ದು ನಿಂತು ನೋಡಿದ. ಅತ್ತ ಮರ ಸೀಳಿದ ಸದ್ದು, ಆಮೇಲೆ ಭಾರವಾದ ಹೆಜ್ಜೆಗಳು. ಅಕ್ಕನ ದನಿ ದೂರದಿಂದ ಕೇಳಿಸಿತು. ಚಿಕ್ಕಂದಿನಲ್ಲಿ ನಾನು ತಪ್ಪು ಮಾಡಿದಾಗ ಹೀಗೆಯೇ ಗದರುತ್ತಿದ್ದಳು.

"ಅಲ್ಲೇ ನಿಲ್ಲು. ಇನ್ನೊಂದು ಹೆಜ್ಜೆ ಇಟ್ರೆ ಹೊಡೀತೀನಿ."

ಹೆಜ್ಜೆ ನಿಂತಿತು. ನಿಂತೇ ಇರಲಿ, ನಿಂತೇ ಇರಲಿ ಎಂದು ನಾನು ಬೇಡಿಕೊಂಡೆ. ಅದು ಮತ್ತೆ ಮುಂದಕ್ಕೆ ಬಂತು.

ಆಗ ಆ ಸದ್ದು ಕೇಳಿಸಿತು, ನಾಲಿಗೆ ಲೊಚಗುಟ್ಟಿದ ಹಾಗೆ. ಮತ್ತೊಂದು ಸಲ. ಮತ್ತೊಂದು ಸಲ. ನಡುವೆ ಯಾರೋ ನಕ್ಕರು.

"ಗುಂಡಾ?" ಎಂದಳು ಅಕ್ಕ. ಹೆದರಿ ಕೂಗಿದ್ದಲ್ಲ ಅದು. ಇದು ಯಾಕೋ ಕೆಲಸ ಮಾಡ್ತಿಲ್ಲ, ಏನು ಮಾಡಬೇಕು ಹೇಳು ಎಂದು ಕೇಳುವ ಹಾಗಿತ್ತು.