ಮರೆವ್ವ ಕಾದ ಗುಳಿಗೆ

ಕಾಡುಗೋಡಿಯ ತಗಡಿನ ಮನೆಯಲ್ಲಿ ಮರೆವ್ವ ಆ ಬೇಸಿಗೆಯೆಲ್ಲ ಒಂದು ಗುಳಿಗೆಗಾಗಿ ಕಾದಳು. ಗಂಡ ಯಮನಪ್ಪನ ಜೊತೆ ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವಳು ಅವಳು. ಎಡ ದವಡೆಯಲ್ಲಿ ಗಡ್ಡೆ ಎದ್ದಿತ್ತು. ಒಮ್ಮೆ ಕೆರೆದು ತೆಗೆದಿದ್ದರು; ಮತ್ತೆ ಬೆಳೆಯಿತು.

ಹಲ್ಲಿನ ಆಸ್ಪತ್ರೆಯಲ್ಲಿ ದೊಡ್ಡ ಓದು ಓದುತ್ತಲೇ ರೋಗಿಗಳನ್ನೂ ನೋಡುತ್ತಿದ್ದ ಡಾಕ್ಟರ್ ದೀಪಶ್ರೀ ಗಡ್ಡೆಯ ಚೂರೊಂದನ್ನು ತೆಗೆದು, ಪರೀಕ್ಷೆಗೆ ಒಪ್ಪಿಗೆ ಕೇಳಿದರು.

"ಹಲ್ಲು ಹುಟ್ಟಿಸೋ ಜೀವಕೋಶಗಳಿಗೆ 'ಬೆಳೀರಿ' ಅಂತ ಹೇಳೋ ಪ್ರೋಟೀನ್ ಇರುತ್ತಮ್ಮ. ಹಲ್ಲು ಬಂದ್ಮೇಲೆ ಅದು ಸುಮ್ಮನಾಗ್ಬೇಕು. ನಿಮ್ಮಲ್ಲಿ ಸುಮ್ಮನಾಗಿಲ್ಲ ಅನ್ಸುತ್ತೆ. ಅದನ್ನ ಹುಡುಕ್ತೀನಿ."

"ಸುಮ್ಮನ ಮಾಡಾಕ ಗುಳಿಗಿ ಐತೇನ್ರಿ?"

"ಹೊರದೇಶದಲ್ಲಿ ಒಂದು ಮಾತ್ರೆ ಕೊಟ್ಟು ನೋಡ್ತಾ ಇದಾರೆ," ಎಂದರು ದೀಪಶ್ರೀ. ಮುಂದಿನ ವಾರ ಆಪರೇಷನ್ನಿಗೆ ತಪ್ಪದೆ ಬರಬೇಕೆಂದೂ ಹೇಳಿದರು. ಮರೆವ್ವನ ಮನಸ್ಸಿನಲ್ಲಿ ಉಳಿದದ್ದು ಮಾತ್ರೆಯ ಮಾತೊಂದೇ. ಹೆಬ್ಬೆಟ್ಟು ಒತ್ತಿ ಬಂದಳು.

ಆಪರೇಷನ್ನಿನ ದಿನ ಯಮನಪ್ಪ ಕೆಲಸ ಬಿಟ್ಟು ಹೊರಡಲು ನಿಂತ. ಅವಳು ಏಳಲಿಲ್ಲ.

"ಬಾಯಿ ಯಾಕ ಕೊಯ್ಸಿಕೊಳ್ಳಲಿ? ಡಾಕ್ಟರ್ ಅಕ್ಕಾರು ಗುಳಿಗಿ ಹುಡಕಾಕತ್ಯಾರ."

ಆಸ್ಪತ್ರೆಯವರ ಬಳಿ ಇದ್ದದ್ದು ಅವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಮೇಸ್ತ್ರಿಯ ನಂಬರು. ಅವನು ಬೇರೆ ಕಡೆ ಹೋಗಿಬಿಟ್ಟಿದ್ದ. ಮರೆವ್ವನನ್ನು ಯಾರೂ ಕರೆಯಲಿಲ್ಲ. ಊತ ಕಿವಿಯ ಬುಡ ಮುಟ್ಟಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೂ ಅಗಿಯಲಾಗದೆ ಹೋದಾಗ ಯಮನಪ್ಪ ಬಲವಂತ ಮಾಡಿ ಕರೆದೊಯ್ದ.

ಅವಳ ಮುಖ ನೋಡಿ ದೀಪಶ್ರೀಗೆ ಗಾಬರಿಯಾಯಿತು. "ಯಾಕಮ್ಮ ಬರ್ಲಿಲ್ಲ?"

"ಅದು ಸಿಕ್ಕಿತೇನ್ರಿ, ಅಕ್ಕಾರ?"

"ಪ್ರೋಟೀನಾ? ಸಿಕ್ತು. ತುಂಬಾನೇ ಇತ್ತು."

ಮರೆವ್ವನ ಕಣ್ಣರಳಿತು. "ಹಂಗಾದ್ರ ಗುಳಿಗಿ ಕೊಡ್ರಿ."

ದೀಪಶ್ರೀ ಕುರ್ಚಿ ಎಳೆದು ಅವಳ ಹತ್ತಿರ ಕೂತರು. "ಅದು ನನ್ನ ಓದಿಗೆ ಮಾಡಿದ ಪರೀಕ್ಷೆ ಅಮ್ಮ. ಆ ಮಾತ್ರೆ ನಮ್ಮಲ್ಲಿಲ್ಲ. ನಾನು ಬಿಡಿಸಿ ಹೇಳ್ಬೇಕಿತ್ತು."

ಮರೆವ್ವ ಗಂಡನತ್ತ ತಿರುಗಿದಳು. ಅವನು ದೀಪಶ್ರೀಗೆ, "ಆಪರೇಷನ್ ಮಾಡ್ರಿ," ಎಂದ.

ಎಡ ದವಡೆಯನ್ನು ಕಿವಿಯ ಬುಡದವರೆಗೆ ತೆಗೆದರು. ಕಾಲಿನ ಎಲುಬು ತೆಗೆದು ಅಲ್ಲಿ ಕೂಡಿಸಬಹುದು ಎಂದರು. "ಇಟ್ಟಂಗಿ ಹೊರೂ ಕಾಲ್ರಿ ಇದು," ಎಂದು ಅವಳು ಒಪ್ಪಲಿಲ್ಲ.

ಗಾಯ ಮಾಗಿದ ಮೇಲೆ ಬ್ರೂಕ್‌ಫೀಲ್ಡಿನ ಹೊಸ ಕಟ್ಟಡಕ್ಕೆ ಹೋದಳು. ಫ್ಲ್ಯಾಟ್ ನೋಡಲು ಜನ ಬರುತ್ತಾರೆ, ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದ ಅಲ್ಲಿನ ಮೇಸ್ತ್ರಿ. ಕಟ್ಟಿಕೊಂಡಳು. ಮಧ್ಯಾಹ್ನ ಯಮನಪ್ಪ ಗಂಜಿಯ ಡಬ್ಬಿ ಬಿಚ್ಚಿದಾಗ, ಉಳಿದ ಹೆಂಗಸರಿಂದ ದೂರ, ಸಿಮೆಂಟ್ ಚೀಲಗಳ ಹಿಂದೆ ಹೋಗಿ ಕೂತಳು. ಗುಟುಕು ಬಾಯಲ್ಲಿ ನಿಲ್ಲದೆ ಕತ್ತಿನ ಮೇಲೆ ಇಳಿಯಿತು. ಯಮನಪ್ಪ ಒರೆಸಲು ಕೈ ಚಾಚಿದ.

ಅವಳು ಏನೋ ಹೇಳಿದಳು. ನಾಲಗೆ ತೊದಲಿ ಅವನಿಗೆ ತಿಳಿಯಲಿಲ್ಲ.

"ಏನಂದಿ?"

ಮರೆವ್ವ ಮುಖಕ್ಕೆ ಮತ್ತೆ ಬಟ್ಟೆ ಕಟ್ಟಿಕೊಂಡಳು.